ಸಂಪೂರ್ಣ ವಿಶ್ವಾಸವಿದೆಯಂತೆ

ಅರರಾಕ್ವಾರ,
ಆಗಸ್ಟ್ 2, 1988

ಪ್ರೀತಿಯ ಅಳಿಯ ಜುರಾಂದಿರ್,

ಗಂಟಲು ಹೇಗಿದೆ? ಭಾನುವಾರ ರೇಡಿಯೋ ತಿರುವಿ ತಿರುವಿ ಬೆಲೆಂ ಕೇಂದ್ರ ಹಿಡಿದೆವು. ನಿನ್ನ ದನಿ ಹರಿದ ಚಾಪೆ ಎಳೆದ ಹಾಗಿತ್ತು. ಮೈದಾನದ ಅಂಚಿನಲ್ಲಿ ನಿಂತು ಕೂಗಬೇಡ ಅಂದರೆ ನೀನು ಕೇಳುವವನಲ್ಲ. ಜೇನುತುಪ್ಪಕ್ಕೆ ನಿಂಬೆರಸ ಹಿಂಡಿ ಕುಡಿ, ಎಷ್ಟೇ ಸೆಕೆಯಾದರೂ ಐಸ್ ನೀರು ಮುಟ್ಟಬೇಡ. ರಜೆಗೆ ಬಂದ ಇವೋನಿಯೂ ಮಗು ಸುಯೆಲಿಯೂ ನನ್ನ ಹತ್ತಿರ ಆರಾಮವಾಗಿದ್ದಾರೆ. ಸುಯೆಲಿಯ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ನಿನ್ನ ಅಪ್ಪನ ಹಾಗೇ ಕಾಣುತ್ತಾಳೆ.

ಪಂದ್ಯ ಸೋತ ಮೇಲೆ ನಿಮ್ಮ ಕ್ಲಬ್ಬಿನ ಅಧ್ಯಕ್ಷರೂ ಮಾತಾಡಿದರು: "ಕೋಚ್ ಮೇಲೆ ನಮಗೆ ಸಂಪೂರ್ಣ ವಿಶ್ವಾಸವಿದೆ." ಪಕ್ಕದ ಮನೆಯ ಒದಿಲಾಗೆ ಫುಟ್‌ಬಾಲಿನ ಗಂಧಗಾಳಿ ಇಲ್ಲ, ಗೋಡೆಯಾಚೆಯಿಂದಲೇ, "ನಿಮ್ಮ ಅಳಿಯ ಪುಣ್ಯ ಮಾಡಿದ್ದಾನೆ ಕಣ್ರೀ, ಎಂಥಾ ಯಜಮಾನ್ರು!" ಎಂದಳು. ಬೀನ್ಸ್ ಕಾಳು ಆರಿಸುತ್ತಿದ್ದ ಇವೋನಿ ಮಾತ್ರ ತಲೆಯೆತ್ತದೆ, "ಅಮ್ಮಾ, ಇನ್ನೊಂದು ದಿಂಬು ಬಿಸಿಲಿಗೆ ಹಾಕು" ಎಂದಳು. ವಿಶ್ವಾಸದ ಮಾತು ಬಂತೆಂದರೆ ಪೆಟ್ಟಿಗೆ ಕಟ್ಟುವ ಕಾಲ ಬಂತೆಂದು ಕೋಚ್ ಹೆಂಡತಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನಿನಗೆ ಮೊದಲ ಕೆಲಸ ಸಿಕ್ಕಿದ್ದೂ ಹೀಗೇ ಅಲ್ಲವೇ? ಮಂಡಿ ಹೋಗಿ ಗೋಲ್‌ಕೀಪರ್ ಆಟ ಬಿಟ್ಟವನು ರೈಲ್ವೆ ಕಾಲೋನಿಯ ಮಕ್ಕಳಿಗೆ ಕಲಿಸಿಕೊಂಡಿದ್ದೆ. ನಮ್ಮೂರ ಕ್ಲಬ್ಬು ಹಳೆಯ ಕೋಚನ್ನು ಅರ್ಧಕ್ಕೇ ಕಳಿಸಿ ನಿನ್ನನ್ನು ಕರೆಯಿತು. ನೀನು ತಂಡವನ್ನು ಮೇಲಿನ ವಿಭಾಗಕ್ಕೆ ಏರಿಸಿದೆ. ಜನ "ಮೇಷ್ಟ್ರೇ, ಮೇಷ್ಟ್ರೇ" ಎಂದು ಹೆಗಲ ಮೇಲೆ ಹೊತ್ತರು. ಮರುವರ್ಷ ಅದೇ ಜನ "ಕತ್ತೆ! ಕತ್ತೆ!" ಎಂದು ಕೂಗಿದರು. ಅವರ ಜೊತೆ ನನ್ನ ತಮ್ಮ ನೆಸ್ತೊರನೂ ಇದ್ದ. ಮನೆಗೆ ಬಂದಾಗ ನಾನು ಕಾಫಿ ಕೊಡಲಿಲ್ಲ. "ಅಕ್ಕಾ, ಎಲ್ರೂ ಕೂಗ್ತಿದ್ರು, ನಾನೊಬ್ಬ ಸುಮ್ನಿದ್ರೆ ಚೆನ್ನಾಗಿರುತ್ತಾ?" ಎಂದ ಆ ಮಹಾರಾಯ. ಆಮೇಲೆ ಗೊಯಾನಿಯ, ರೆಸಿಫೆ, ಸೌದಿಯ ಮರಳು, ಈಗ ಬೆಲೆಂ. ಎಲ್ಲ ಕಡೆ ಗೆದ್ದೂ ಇದ್ದೀಯ, ಎಲ್ಲ ಕಡೆಯಿಂದ ನಿನ್ನನ್ನು ಕಳಿಸಿಯೂ ಇದ್ದಾರೆ. ನಿನಗೆ ಕೆಲಸ ಗೊತ್ತಿಲ್ಲವೆಂದಲ್ಲ, ಆ ಕೆಲಸವೇ ಹಾಗೆ.

ಸೌದಿಯವರು ಮತ್ತೆ ಕರೆಯುತ್ತಿದ್ದಾರೆಂದು ಇವೋನಿ ಹೇಳಿದಳು. ಇಲ್ಲಿ ಪುರಸಭೆಯ ಮಕ್ಕಳ ಫುಟ್‌ಬಾಲ್ ಶಾಲೆಯವರೂ ನಿನ್ನನ್ನು ಕೇಳುತ್ತಿದ್ದಾರೆ, ತಿಂಗಳೊಳಗೆ ಉತ್ತರ ಬೇಕಂತೆ. ಸಂಬಳ ಸಣ್ಣದು, ಯಾರೂ ಹೊತ್ತು ಮೆರೆಸುವುದಿಲ್ಲ. ದೊಡ್ಡ ಮೈದಾನದ ರುಚಿ ಕಂಡವನಿಗೆ ಅದು ಸಪ್ಪೆಯೆಂದು ನನಗೂ ಗೊತ್ತು. ಇವೋನಿಯನ್ನು ಕೇಳಿದರೆ "ಅವ್ರು ಎಲ್ಲಿಗಂದ್ರೆ ಅಲ್ಲಿಗೆ" ಎನ್ನುತ್ತಾಳೆ. ಆದರೆ ರೆಸಿಫೆಯ ನಂತರ ಅವಳು ಯಾವ ಮನೆಯ ಕಿಟಕಿಗೂ ಪರದೆ ಹೊಲಿದಿಲ್ಲ. ಹೀಗೇ ಮಾಡು ಎಂದು ನಾನು ಹೇಳುವುದಿಲ್ಲ.

ಅಪರೆಸಿದಾ ಮಾತೆ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅತ್ತೆ,
ಅಲ್ಜೀರಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಭಾನುವಾರ ಪಂದ್ಯಕ್ಕೆ ಮುಂಚೆ ಸುಯೆಲಿ ಅಪರೆಸಿದಾ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದಳು. "ಅಪ್ಪ ಗೆಲ್ಲಲಿ ಅಂತ ತಾನೇ, ಪುಟ್ಟೀ?" ಎಂದೆ. "ಅಲ್ಲಜ್ಜೀ, ಸೋಲ್ಲಿ ಅಂತ. ಸೋತ್ರೆ ಕಳಿಸಿಬಿಡ್ತಾರೆ, ಆಗ ಅಪ್ಪ ಇಲ್ಲಿಗೇ ಬರ್ತಾನೆ." ನೀವು ಮೂರು ಗೋಲಿನಿಂದ ಸೋತಿರಿ. ಅಂದಿನಿಂದ ಮಗು ಸರಿಯಾಗಿ ಊಟ ಮಾಡಿಲ್ಲ. "ನಾನು ಒಂದೇ ಗೋಲು ಕೇಳಿದ್ದೆ" ಎಂದು ಅಳುತ್ತಾಳೆ. ಎಡಗಡೆಯ ಡಿಫೆಂಡರ್ ಜಾರಿ ಬಿದ್ದದ್ದರಿಂದ ಹಾಗಾಯಿತು ಎಂದರೂ ನಂಬುತ್ತಿಲ್ಲ. ಇವೋನಿಗೆ ಹೇಳಿಲ್ಲ. ಯಾವ ಕೆಲಸವನ್ನಾದರೂ ಒಪ್ಪಿಕೋ ಮಗನೇ, ಮೊದಲು ಬಂದು ಆ ಸೋಲು ನಿನ್ನದೇ ಎಂದು ಮಗುವಿಗೆ ಹೇಳು.