ಮೂರು ಗಂಟೆಯ ಮೇಲೆ ನೀರಿಲ್ಲ

ವೃದ್ಧಾಶ್ರಮದ ಮೇಲ್ವಿಚಾರಕರಿಗೆ,

ಹಾಸಿಗೆ ಒದ್ದೆಯಾಗಬಾರದೆಂದು ಕಳೆದ ತಿಂಗಳ ಹನ್ನೊಂದನೇ ತಾರೀಖಿನಿಂದ ನೀವು ನನ್ನ ಅಕ್ಕನಿಗೂ ಅವಳ ಕೋಣೆಯವರಿಗೂ ಮಧ್ಯಾಹ್ನ ಮೂರರ ಮೇಲೆ ಕುಡಿಯಲು ಒಂದು ಹನಿ ನೀರು ಕೊಡಿಸಿಲ್ಲ.

ಹೂವೆಂದರೆ ಮೂಗು ಮುರಿಯುತ್ತಿದ್ದ ಅಕ್ಕ, ನಾನು ಭಾನುವಾರದ ಭೇಟಿಗೆ ಬಂದಾಗಲೆಲ್ಲ ಹೂ ತರಿಸಿಕೊಂಡು, "ಹೂದಾನಿ ತುಂಬ ನೀರು ಹಾಕೋ" ಎನ್ನುತ್ತಿದ್ದಳು. "ಎಂಬತ್ತಕ್ಕೆ ಶೋಕಿ ಬಂತಲ್ಲೇ ಅಕ್ಕಾ!" ಎಂದು ನಾನು, ನಲವತ್ತು ವರ್ಷ ಇತಿಹಾಸ ಕಲಿಸಿದ ದಡ್ಡ, ನಗುತ್ತಿದ್ದೆ. ಮೊನ್ನೆ ಬುಧವಾರ ಸಂಜೆ ಹೇಳದೆ ಬಂದೆ. ಹೂಗಳು ಹೊದಿಕೆಯ ಮೇಲೆ ಬಿದ್ದಿದ್ದವು. ಅಕ್ಕ ಎರಡೂ ಕೈಯಲ್ಲಿ ಹೂದಾನಿ ಎತ್ತಿ ಕುಡಿಯುತ್ತಿದ್ದಳು.

"ಸುಮ್ನಿರೋ, ನೀನು ಹೋದ್ಮೇಲೆ ನಾನು ಇವ್ರ ಕೈಯಲ್ಲೇ ಇರ್ಬೇಕು" ಎಂದಳು. ನಿಮ್ಮನ್ನು ಕೇಳಿದರೆ, "ನೀರು ಕೊಟ್ರೆ ಹಾಸಿಗೆ ನೀವು ಒಗೀತೀರಾ ಮೇಷ್ಟ್ರೇ?" ಎಂದಿರಿ.

ಒಗೆಯುತ್ತಿದ್ದೇನೆ. ಅಕ್ಕ ಅಂದಿನಿಂದ ನನ್ನ ಮನೆಯಲ್ಲಿದ್ದಾಳೆ. ಇನ್ನು ನಾವು ನಿಮಗೆ ಹೆದರಬೇಕಾಗಿಲ್ಲ. ಆದರೆ ಆ ಕೋಣೆಯಲ್ಲಿ ಇನ್ನೂ ಐದು ಮಂದಿ ಇದ್ದಾರೆ, ಒಬ್ಬರಿಗೆ ಮಾತೇ ನಿಂತುಹೋಗಿದೆ.

ಈ ಪತ್ರದ ಪ್ರತಿ ಆ ಐದೂ ಮನೆಗಳಿಗೆ, ಪತ್ರಿಕೆಗೆ, ನಿಮಗೆ ಪರವಾನಗಿ ಕೊಟ್ಟ ಕಚೇರಿಗೆ ಹೋಗಿದೆ. ಗುಟ್ಟಾಗಿ ಕ್ಷಮೆ ಕೇಳಿ ಬರೆಯಬೇಡಿ, ಓದದೆ ಹರಿಯುತ್ತೇನೆ. ಬರುವ ಭಾನುವಾರ ಹತ್ತು ಗಂಟೆಗೆ ಅವರ ಮನೆಯವರೆಲ್ಲ ನಿಮ್ಮ ಅಂಗಳದಲ್ಲಿ ಸೇರುತ್ತಾರೆ. ಅವರ ಮುಖ ನೋಡಿ, ಹೆತ್ತವರನ್ನು ಬಾಯಾರಿಸಿದ್ದು ಏಕೆಂದು ಗಟ್ಟಿಯಾಗಿ ಹೇಳಿ. ಗಂಟಲು ಒಣಗಿದರೆ ನೀರು ಕೇಳಬೇಡಿ, ಉತ್ತರ ಕೊಡಿ.

ಮೊದಲ ಸಾಲಿನಲ್ಲಿ ಕೂರುವ,
ನಿವೃತ್ತ ಮೇಷ್ಟ್ರು