ಅಭ್ಯಾಸಕ್ಕೆ ಸಿಕ್ಕ ರೋಗಿ

ಮನೆಯ ಮಹಡಿ ಕೋಣೆಯಿಂದ
ಮಾರ್ಚ್ ೧೨, ಬೆಳಿಗ್ಗೆ

ಮುದ್ದಿನ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತೇ ಬಿಸ್ಕತ್ತು ನುಂಗುತ್ತೀಯಾ? ಡಾಕ್ಟರಿಗೆ ನನ್ನಂಥ ನರ್ಸು ಬುದ್ಧಿ ಹೇಳಬಾರದು. ಆದರೆ ಅಪ್ಪ ಹೇಳಬಹುದು ತಾನೇ? ನಿಮ್ಮಮ್ಮ ಚೆನ್ನಾಗಿದ್ದಾಳೆ. ಅಜ್ಜಿಯ ವಿಷಯ ಮುಂದೆ ಬರೆದಿದ್ದೇನೆ, ಗಾಬರಿಯಾಗಬೇಡ, ಈಗ ಗುಣವಾಗುತ್ತಿದ್ದಾಳೆ.

ನಿನಗೆ ಗೊತ್ತಲ್ಲ, ಟ್ರಾಮಾ ಸರ್ಟಿಫಿಕೇಟ್ ಇಲ್ಲದವರನ್ನು ಈ ವರ್ಷದಿಂದ ಎಮರ್ಜೆನ್ಸಿ ವಾರ್ಡಿನಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ಇಪ್ಪತ್ತಾರು ವರ್ಷ ಗಾಯಾಳುಗಳ ನಡುವೆಯೇ ಸವೆದವನನ್ನು ಹೊರರೋಗಿಗಳ ಚೀಟಿ ಬರೆಯಲು ಕೂರಿಸುತ್ತೇವೆ ಎಂದರೆ ಹೊಟ್ಟೆ ಉರಿಯದೇ? ಅದಕ್ಕೇ ಐವತ್ತೆರಡನೇ ವಯಸ್ಸಿನಲ್ಲಿ ಕನ್ನಡಕ ಏರಿಸಿ ಓದಲು ಕೂತೆ. ಕೈಗೆ ಬರುವ ಕೆಲಸ ಬಾಯಿಗೆ ಬರುವುದಿಲ್ಲ ನೋಡು. ಪರೀಕ್ಷೆಯಲ್ಲಿ ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ ಎಂದು ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತಲೇ ಮಾಡಬೇಕು. ನನಗೋ ಎರಡನೆಯದಕ್ಕೇ ನಾಲಿಗೆ ತೊದಲುತ್ತಿತ್ತು.

ಅಭ್ಯಾಸಕ್ಕೊಬ್ಬ ರೋಗಿ ಬೇಕಿತ್ತು. ನಿಮ್ಮಮ್ಮ ಮಲಗಿದವಳು ನಿಜವಾಗಿಯೇ ಗೊರಕೆ ಹೊಡೆದಳು. ಆಮೇಲೆ ಅಜ್ಜಿ ಹುರುಪಿನಿಂದ ಚಾಪೆಯ ಮೇಲೆ ಮಲಗತೊಡಗಿದಳು. ಒಂದು ದಿನ ಬೈಕಿನಿಂದ ಬಿದ್ದವಳು, ಇನ್ನೊಂದು ದಿನ ಮೆಟ್ಟಿಲಿಂದ ಉರುಳಿದವಳು. ಕುತ್ತಿಗೆ ಅಲ್ಲಾಡಿಸಬೇಡಮ್ಮ ಎಂದರೆ, "ಎಪ್ಪತ್ತೆಂಟು ವರ್ಷ ಅಲ್ಲಾಡ್ಸಿದೀನಿ, ಈಗ್ಯಾಕೆ ಬೇಡ?" ಎನ್ನುವುದು. ಕೊನೆಯ ವಾರ ಮಾತ್ರ ಶೀತ, ತಲೆನೋವು ಎಂದು ಮೂರು ದಿನ ತಪ್ಪಿಸಿಕೊಂಡಳು. ಪರೀಕ್ಷೆಯ ಹಿಂದಿನ ಸಂಜೆ ನಾನೇ ಗೋಗರೆದು ಮಲಗಿಸಿದೆ.

ಎದೆಯ ಎಡಗಡೆ ಕೈಯಿಟ್ಟು ಒತ್ತಿದೆ. ಅಜ್ಜಿ ತಮಾಷೆ ಮಾಡಲಿಲ್ಲ, ತುಟಿ ಕಚ್ಚಿಕೊಂಡಳು. ಉಸಿರನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಾಳೆ ಎಂಬುದು ಆಗ ಕಂಡಿತು. ನಿಮ್ಮಮ್ಮ ಬಟ್ಟೆ ಸರಿಸಿ ನೋಡಿದರೆ ಪಕ್ಕೆಯಲ್ಲಿ ಅಂಗೈಯಗಲ ನೀಲಿಗಟ್ಟಿದೆ. ನಾಲ್ಕು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಕಟ್ಟೆಯ ಅಂಚಿಗೆ ಬಿದ್ದಿದ್ದಳಂತೆ. "ನಿನ್ ಪರೀಕ್ಷೆ ಮುಗೀಲಿ ಅಂತ ಸುಮ್ನಿದ್ದೆ ಕಣೋ" ಎಂದಳು. ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ಊರವರ ಗಾಯವೆಲ್ಲ ನೋಡುವವನು ಮನೆಯಲ್ಲಿ ಕಣ್ಣಿದ್ದೂ ಕುರುಡನಾಗಿದ್ದೆ.

ಆಗಲೇ ಆಸ್ಪತ್ರೆಗೆ ಕರೆದೊಯ್ದೆವು. ಎರಡು ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ರಕ್ತ ತುಂಬಿಕೊಳ್ಳುತ್ತಿತ್ತು. ನಮ್ಮ ವಾರ್ಡಿನ ಡಾಕ್ಟರಮ್ಮ ನಳಿಕೆ ಹಾಕಿ ತೆಗೆದರು. "ಇನ್ನೆರಡು ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು" ಎಂದರು. ಮರುದಿನ ಬೆಳಿಗ್ಗೆ ನಾನು ಪರೀಕ್ಷೆಯ ಆಸೆ ಬಿಟ್ಟು ಮಂಚದ ಪಕ್ಕ ಕೂತಿದ್ದೆ. ಅಜ್ಜಿ ಬಿಡಬೇಕಲ್ಲ. "ಇಲ್ಲಿ ಕೂತು ನನ್ ಮುಖ ನೋಡಿದ್ರೆ ಮೂಳೆ ಕೂಡ್ಕೊಳುತ್ತಾ? ಎದ್ದು ಹೋಗು!" ಎಂದು ಗದರಿ ಕಳಿಸಿದಳು. ಪರೀಕ್ಷಕರು ಒಂದು ಬೊಂಬೆಯ ಮುಂದೆ ನಿಲ್ಲಿಸಿದರು. ಅದರ ಎದೆ ಮುಟ್ಟಿದಾಗ ಹಿಂದಿನ ಸಂಜೆಯೇ ಕಣ್ಣಿಗೆ ಕಟ್ಟಿತು. ಹೇಳಬೇಕಾದದ್ದೆಲ್ಲ ತಾನಾಗಿಯೇ ಬಾಯಿಗೆ ಬಂತು. ಪಾಸಾದೆ ಮಗಳೇ! ಅಜ್ಜಿ ಮೊನ್ನೆ ಮನೆಗೆ ಬಂದಳು. "ಅವ್ನು ಪಾಸಾಗಿದ್ದು ನನ್ನಿಂದ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದಾಳೆ. ನಕ್ಕರೆ ಇನ್ನೂ ನೋಯುತ್ತದೆ ಎಂದು ನನ್ನನ್ನು ಎದುರಿಗೆ ಬರಲು ಬಿಡುತ್ತಿಲ್ಲ.

ಅಮ್ಮನ ಅಕ್ಕರೆ, ಅಜ್ಜಿಯ ಆಶೀರ್ವಾದ ಎರಡೂ ಇದರ ಜೊತೆಗಿವೆ. ತಣ್ಣಗಿರು ಕಂದ.

ನಿನ್ನ
ಅಪ್ಪ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು: ನಿನ್ನ ಸರ್ಜರಿ ಪರೀಕ್ಷೆ ಏನಾಯಿತೆಂದು ನೀನು ಎರಡು ತಿಂಗಳಿಂದ ಹೇಳಿಲ್ಲ. ನಿನ್ನ ರೂಮಿನ ಗೆಳತಿ ಹೇಳಿದಳು, ಅವಳನ್ನು ಬೈಯಬೇಡ. ನಾನೂ ಕಳೆದ ಆಗಸ್ಟಿನಲ್ಲಿ ಇದೇ ಟ್ರಾಮಾ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಡಾಕ್ಟರ್ ಮಗಳಿಗೆ ಹೇಳಲು ನಾಚಿಕೆಯಾಗಿ ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ಸುಳ್ಳು ಹೇಳಿದ್ದೆ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಏನೂ ಕೇಳುವುದಿಲ್ಲ, ನೀನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.