ತುಂಡು ಗೆರೆಯ ಹಳ್ಳ

ಗುರುವಾರ, ಸಂಜೆ

ನನ್ನ ಹಟಮಾರಿ ಅಕ್ಕನಿಗೆ,

ನಿನ್ನ ಮೂರನೆಯ ಕಾಗದವೂ ಬಂತು. ಬೈಗುಳವನ್ನೆಲ್ಲ ಓದಿದೆ. ಇಡೀ ದಿನ ಹಳೆಯ ನಕ್ಷೆಗಳ ಹರಿದ ಮಡಿಕೆಗೆ ಅಂಟು ಹಚ್ಚಿ ಹಚ್ಚಿ ಬೆನ್ನು ಬಿದ್ದುಹೋಗಿದೆ, ಜಗಳಕ್ಕೂ ಶಕ್ತಿಯಿಲ್ಲ ಕಣೇ.

ನೀನು ಹೇಳಿದ ನಕ್ಷೆ ನನ್ನ ಮೇಜಿನ ಮೇಲೇ ಇದೆ. ನಮ್ಮಜ್ಜಿ ಹುಟ್ಟುವ ಮೊದಲು ಯಾರೋ ಕಾಡೆಲ್ಲ ಅಲೆದು ಬರೆದದ್ದು. ಕಬ್ಬಿಣದ ಗುಡ್ಡ, ಹಳೆಯ ಗಣಿಯ ಬಾಯಿ, ನಿಮ್ಮ ನಾಲ್ಕು ಮನೆ, ಎಲ್ಲ ಇವೆ. ನಿಮ್ಮ ಹಳ್ಳವೂ ಇದೆ, ಆದರೆ ತುಂಡು ಗೆರೆಯಲ್ಲಿ. ಅಂದರೆ ಬೇಸಿಗೆಯಲ್ಲಿ ಬತ್ತುವ ಹಳ್ಳ. ಅಳೆಯುವವರು ಕಾಡಿಗೆ ಬರುತ್ತಿದ್ದದ್ದೇ ಬೇಸಿಗೆಯಲ್ಲಿ. ನೀರು ಕಲ್ಲುಗಳ ಅಡಿಗೆ ಇಳಿದು ನಿಮ್ಮ ಹಿತ್ತಲಲ್ಲಿ ಮತ್ತೆ ಮೇಲೇಳುವುದನ್ನು ಆ ಪುಣ್ಯಾತ್ಮ ಕಾಣಲಿಲ್ಲ. ಒಣಗಿದ ಕಲ್ಲು ನೋಡಿದ, ತುಂಡು ಗೆರೆ ಎಳೆದ. ಈಗ ಗಣಿಯವರು ಅದನ್ನೇ ಹಿಡಿದುಕೊಂಡು, ಬತ್ತುವ ಹಳ್ಳಕ್ಕಾಗಿ ಗುಡ್ಡ ಬಿಡುವುದೇಕೆ, ನಿಮ್ಮನ್ನು ಪಟ್ಟಣಕ್ಕೆ ಸಾಗಿಸುತ್ತೇವೆ ಎನ್ನುತ್ತಿದ್ದಾರೆ.

ತುಂಡುಗಳ ನಡುವೆ ಚೂರು ಶಾಯಿ ತುಂಬಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿದ್ದೀಯ. ನಮ್ಮ ಕಚೇರಿಯ ನಕ್ಷೆ ಕೋಣೆಯಲ್ಲಿ ಹರಿದುಹೋದ ಕಡೆ ಖಾಲಿ ಕಾಗದ ಅಂಟಿಸುತ್ತೇವೆ, ಗೆರೆ ಎಳೆಯುವುದಿಲ್ಲ. ಹೊಸ ಶಾಯಿ ಕಂಡುಹಿಡಿಯುವುದು ಮೇಲಧಿಕಾರಿಗೆ ನೀರು ಕುಡಿದಷ್ಟು ಸುಲಭ. ಆಮೇಲೆ ನಿಮ್ಮ ನಾಲ್ಕು ಮನೆಯನ್ನೂ ನಾನೇ ಬರೆದೆ ಎಂದಾರು.

ಗಣಿಯ ವಿಚಾರಣೆಗೆ ಬಂದು, ಎಷ್ಟೋ ಬೇಸಿಗೆ ನಿಮ್ಮಲ್ಲಿ ಕಳೆದರೂ ಆ ಹಳ್ಳ ಬತ್ತಿದ್ದನ್ನು ನಾನೆಂದೂ ಕಂಡಿಲ್ಲ ಎಂದು ಹೇಳುವುದಾಗಿ ಮಾತು ಕೊಟ್ಟಿದ್ದೆ. ಅದೂ ಆಗಲಾರದು. ರಜೆ ಸಿಗುವುದಿಲ್ಲ. ಬೈದುಕೋ.

ಸಾಕಾಗಿಹೋಗಿರುವ,
ನಿನ್ನ ತಂಗಿ

ತಾ.ಕ.: ರಜೆ ನಾನು ಕೇಳೇ ಇಲ್ಲ. ಸುಳ್ಳು ಹೇಳುವುದಕ್ಕೂ ಸುಸ್ತಾಗಿದೆ. ಮೊನ್ನೆ ಭಾವ ಇಲ್ಲಿಗೆ ಬಂದಿದ್ದರು. ಮೆಟ್ಟಿಲು ಹತ್ತಿ ಬಂದವರು ಕೆಮ್ಮು ನಿಲ್ಲುವವರೆಗೆ ಕೂತರು. ಆಮೇಲೆ, "ನೀನು ಸಾಕ್ಷಿ ಹೇಳಬೇಡಮ್ಮ. ಗಣಿ ಧೂಳು ಕುಡಿದೂ ಕುಡಿದೂ ನನಗೆ ಅಲ್ಲಿ ಉಸಿರೇ ಆಡ್ತಿಲ್ಲ. ಅವಳು ತಾನಾಗಿ ಬಿಟ್ಟು ಬರೋಳಲ್ಲ. ಗಣಿಯವರೇ ಎಬ್ಬಿಸಿದ್ರೆ ನಾನು ಬದುಕ್ಕೋತೀನಿ" ಎಂದರು. ನಿನಗೆ ತಿಳಿಸಬಾರದೆಂದು ಆಣೆ ಮಾಡಿಸಿಕೊಂಡರು. ಆಣೆ ಮುರಿದಿದ್ದೇನೆ. ಹಳ್ಳ ಬತ್ತುವುದಿಲ್ಲ ಅಕ್ಕ, ಅದು ನನಗೂ ಗೊತ್ತು, ಭಾವನಿಗೂ ಗೊತ್ತು. ಆದರೂ ವಿಚಾರಣೆಗೆ ಹೋಗುವ ಮೊದಲು ಒಂದು ಸಲ ಅವರ ಪಕ್ಕ ಕೂತು ಕೇಳು. ಕೇಳಿದ ಮೇಲೂ ನೀನು ಬಾ ಎಂದರೆ ಬರುತ್ತೇನೆ.